ಕೋಡ್ ಬರೆಯುತ್ತಾ ಬಯಾಲಜಿ ಮಾಡುವುದು: ಮಂಗಳೂರು, ಉಡುಪಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ವರ್ಷಕ್ಕೆ ನಾಲ್ಕೈದು ಸಲ ಯಾವುದಾದರೂ ಕಾಲೇಜಿನವರು ಮಾತಾಡಲು ಕರೆಯುತ್ತಾರೆ. ಸಭಾಂಗಣದಲ್ಲಿ "ಪ್ರಶ್ನೆ ಇದೆಯಾ?" ಅಂದರೆ ಯಾರೂ ಬಾಯಿ ಬಿಡುವುದಿಲ್ಲ. ಕ್ಯಾಂಟೀನಿನಲ್ಲಿ ಗೋಳಿಬಜೆ ಪ್ಲೇಟು ಬಂದ ಮೇಲೆ ಒಬ್ಬೊಬ್ಬರೇ ಹತ್ತಿರ ಬರುತ್ತಾರೆ. ಅಲ್ಲಿ ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ. ನಾನು ಕಂಪ್ಯೂಟರ್ ಸೈನ್ಸ್ ಓದಿ, ಬೆಂಗಳೂರಿನಲ್ಲಿ ಮೂರು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿ, ಆಮೇಲೆ ಊರಿಗೆ ಬಂದು ಬಯಾಲಜಿ ಲ್ಯಾಬ್ ಸೇರಿದವನು. ಹಾಗಾಗಿ ನನ್ನ ಉತ್ತರ ಒಂದು ಕಡೆಗೆ ವಾಲಿದಂತೆ ಕಂಡರೆ ಆಶ್ಚರ್ಯವಿಲ್ಲ.

ಇದು ಎಂತ ಕೆಲಸ? ಮನೆಯಲ್ಲಿ ಕೇಳಿದರೆ ಏನು ಹೇಳೋದು?

ನನ್ನ ಅಜ್ಜಿಗೆ ನಾನು ಹೇಳಿದ್ದು ಹೀಗೆ: "ಅಡಿಕೆ ಮರಕ್ಕೆ ಯಾಕೆ ರೋಗ ಬಂತು ಅಂತ ಮರ ಹತ್ತದೆ ನೋಡುವ ಕೆಲಸ." ಅಜ್ಜಿ ಕೂಡಲೇ ಕೇಳಿದರು, "ಹಾಗಾದರೆ ಹತ್ತುವವ ಯಾರು?" ಸರಿಯಾದ ಪ್ರಶ್ನೆ. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ.

ಸುಳ್ಯ ಕಡೆಯ ತೋಟಗಳನ್ನು ಹಾಳು ಮಾಡಿದ ಹಳದಿ ಎಲೆ ರೋಗವನ್ನೇ ತೆಗೆದುಕೊಳ್ಳಿ. ಅದರ ಹಿಂದೆ ಇರುವುದು ಫೈಟೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ. ಇದನ್ನು ಲ್ಯಾಬಿನ ತಟ್ಟೆಯಲ್ಲಿ ಬೆಳೆಸುವುದು ಮಹಾ ಕಷ್ಟ. ಬೆಳೆಸಿ ನೋಡಲು ಆಗದ ಜೀವಿಯನ್ನು ಅದರ ಡಿಎನ್‌ಎ ಓದಿ ಹಿಡಿಯಬೇಕು. ಆದರೆ ಎಲೆಯಿಂದ ತೆಗೆದ ಡಿಎನ್‌ಎಯಲ್ಲಿ ಮುಕ್ಕಾಲಿಗಿಂತ ಜಾಸ್ತಿ ಅಡಿಕೆಯದ್ದೇ. ರೋಗಾಣುವಿನದ್ದು ಚೂರೇ ಚೂರು. ಡಿಎನ್‌ಎ ಓದುವ ಯಂತ್ರ ಎಲ್ಲವನ್ನೂ ಕಲಸಿ, ಎ ಸಿ ಜಿ ಟಿ ಎಂಬ ನಾಲ್ಕು ಅಕ್ಷರಗಳ ಕೋಟ್ಯಂತರ ತುಂಡುಗಳಾಗಿ ಒಂದು ಫೈಲಿನಲ್ಲಿ ಕೊಡುತ್ತದೆ. ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ರೋಗಾಣುವಿನ ತುಂಡುಗಳನ್ನು ಬೇರೆ ಮಾಡಿ, ಜೋಡಿಸಿ, ಇದು ಯಾವುದರ ನೆಂಟ, ಎಲ್ಲಿಂದ ಬಂದಿರಬಹುದು ಅಂತ ಹೇಳುವುದು ನಮ್ಮ ಕೆಲಸ.

ಮಂಗಳೂರಿನ ಮಲೇರಿಯಾವೂ ಹೀಗೆಯೇ. ಇಲ್ಲಿ ಹೆಚ್ಚಾಗಿ ಕಾಣುವ ವೈವ್ಯಾಕ್ಸ್ ಪರಾವಲಂಬಿಯನ್ನು ಲ್ಯಾಬಿನಲ್ಲಿ ಬಹುಕಾಲ ಬೆಳೆಸಿಡಲು ಆಗುವುದಿಲ್ಲ. ಅದರ ಜೀನೋಮ್, ಅಂದರೆ ಜೀವಿಯ ಪೂರ್ತಿ ಆನುವಂಶಿಕ ಬರಹ, ಓದಿ ಎಷ್ಟೋ ವಿಷಯ ತಿಳಿದುಕೊಂಡದ್ದು.

ಬಯೋಇನ್‌ಫರ್ಮ್ಯಾಟಿಕ್ಸ್ ಬೇರೆ, ಕಂಪ್ಯುಟೇಷನಲ್ ಬಯಾಲಜಿ ಬೇರೆಯಾ?

ಪುಸ್ತಕದಲ್ಲಿ ಬೇರೆ. ಮೊದಲನೆಯದು ಸಾಧನ ಕಟ್ಟುವುದು, ಎರಡನೆಯದು ಅದನ್ನು ಬಳಸಿ ಜೀವಿಗಳ ಬಗ್ಗೆ ಪ್ರಶ್ನೆ ಕೇಳುವುದು ಅಂತ ಹೇಳುತ್ತಾರೆ. ಲ್ಯಾಬಿನಲ್ಲಿ ಬೆಳಿಗ್ಗೆ ಒಂದು ಮಾಡುತ್ತೀರಿ, ಮಧ್ಯಾಹ್ನ ಇನ್ನೊಂದು. ಕೆಲಸದ ಜಾಹೀರಾತಿನಲ್ಲಿ ಯಾವ ಹೆಸರಿದ್ದರೂ ಅರ್ಜಿ ಹಾಕಿ.

ಇದು ಈಗ ಹುಟ್ಟಿದ ಫ್ಯಾಷನ್ ಅಲ್ವಾ? ಹತ್ತು ವರ್ಷದ ಮೇಲೆ ಇರುತ್ತದಾ?

ಮಾರ್ಗರೆಟ್ ಡೇಹಾಫ್ ಎಂಬ ಅಮೆರಿಕದ ವಿಜ್ಞಾನಿ 1965ರಲ್ಲಿ 65 ಪ್ರೊಟೀನ್‌ಗಳ ಸರಣಿಗಳನ್ನು ಸೇರಿಸಿ ಒಂದು ಪುಸ್ತಕ ತಂದರು. ಆಗ ಅಷ್ಟೇ ಇದ್ದದ್ದು. ಪಂಚ್ ಕಾರ್ಡ್ ಕಾಲದಲ್ಲಿ ಜಾಗ ಉಳಿಯಲಿ ಅಂತ ಪ್ರತಿ ಅಮೈನೊ ಆಮ್ಲಕ್ಕೆ ಒಂದೇ ಅಕ್ಷರದ ಸಂಕೇತ ಕೊಟ್ಟವರೂ ಅವರೇ. ನಾವು ಈಗಲೂ ಅದನ್ನೇ ಬರೆಯುತ್ತೇವೆ. ಅದಕ್ಕೂ ಎರಡು ವರ್ಷ ಮೊದಲು, 1963ರಲ್ಲಿ, ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು ಪ್ರೊಟೀನ್ ಸರಪಳಿ ಯಾವ ಯಾವ ಕೋನದಲ್ಲಿ ತಿರುಗಬಹುದು ಅಂತ ಲೆಕ್ಕ ಹಾಕಿ ಒಂದು ನಕ್ಷೆ ಮಾಡಿದರು. ಇವತ್ತು ಪ್ರಪಂಚದ ಯಾವ ಮೂಲೆಯಲ್ಲಿ ಪ್ರೊಟೀನ್ ರಚನೆ ಬಿಡಿಸಿದರೂ ಅದು ಸರಿಯಾ ಅಂತ ನೋಡುವುದು ರಾಮಚಂದ್ರನ್ ನಕ್ಷೆಯಲ್ಲಿ. ಅವರು ಆಮೇಲೆ ಬೆಂಗಳೂರಿನ ಐಐಎಸ್‌ಸಿಗೆ ಬಂದರು. ಹಾಗಾಗಿ ಇದು ಅರವತ್ತು ದಾಟಿದ ಫ್ಯಾಷನ್.

ಪಿಯುಸಿಯಲ್ಲಿ ಪಿಸಿಎಂಬಿ ತಗೊಳ್ಳಲಾ, ಪಿಸಿಎಂಸಿ ತಗೊಳ್ಳಲಾ?

ಪಿಸಿಎಂಬಿ. ಕಂಪ್ಯೂಟರ್ ಕಲಿಯಲು ಮನೆಯ ಲ್ಯಾಪ್‌ಟಾಪ್ ಸಾಕು. ಬಯಾಲಜಿಯನ್ನು ಪ್ರಾಕ್ಟಿಕಲ್ ಕ್ಲಾಸಿನಲ್ಲಿ ಈರುಳ್ಳಿ ಬೇರಿನ ತುದಿಯನ್ನು ಮೈಕ್ರೊಸ್ಕೋಪಿನಡಿ ಇಟ್ಟು ನೋಡಿದಷ್ಟು ಚೆನ್ನಾಗಿ ಮನೆಯಲ್ಲಿ ಕಲಿಯಲು ಆಗುವುದಿಲ್ಲ. ಪಿಸಿಎಂಸಿ ಆಗಲೇ ತಗೊಂಡಿದ್ದರೆ ಬೇಜಾರು ಬೇಡ, ಮುಂದಿನ ಉತ್ತರ ನಿಮಗೇ.

ಬಿಇ ಕಂಪ್ಯೂಟರ್ ಸೈನ್ಸ್ ಆಗಿದೆ. ಬಯಾಲಜಿ ಹತ್ತನೇ ಕ್ಲಾಸಿಗೇ ಬಿಟ್ಟೆ. ಈಗ ಸಾಧ್ಯ ಉಂಟಾ?

ಉಂಟು. ನಾನೇ ಸಾಕ್ಷಿ. ಆದರೆ ಒಂದು ಅಹಂಕಾರವನ್ನು ಹೆಜಮಾಡಿ ಟೋಲ್‌ಗೇಟ್ ಹತ್ತಿರವೇ ಬಿಟ್ಟು ಬರಬೇಕು: "ಡಿಎನ್‌ಎ ಅಂದರೆ ಕೋಡ್ ತಾನೇ, ಕೋಡ್ ನಮಗೆ ಗೊತ್ತು."

ಸಾಫ್ಟ್‌ವೇರ್ ಕಂಪನಿಯಲ್ಲಿ ನಿಮ್ಮ ಕೆಲಸಕ್ಕೆ ಒಂದು ಸ್ಪೆಸಿಫಿಕೇಷನ್ ಇರುತ್ತದೆ. ಏನು ಬರಬೇಕು ಅಂತ ಯಾರೋ ಬರೆದು ಕೊಟ್ಟಿರುತ್ತಾರೆ. ಬಾರದಿದ್ದರೆ ಅದು ಬಗ್. ಇಲ್ಲಿ ಏನು ಬರಬೇಕು ಅಂತ ಯಾರಿಗೂ ಗೊತ್ತಿಲ್ಲ, ಅದಕ್ಕೇ ಹುಡುಕುತ್ತಿರುವುದು. ವಿಚಿತ್ರವಾದ ಉತ್ತರ ಬಂದರೆ ಅದು ನಿಮ್ಮ ಬಗ್ಗಾ, ಟ್ಯೂಬ್ ಅದಲುಬದಲಾದದ್ದಾ, ಅಥವಾ ನಿಜವಾಗಿಯೂ ಹೊಸ ವಿಷಯವಾ? ಮೂರರಲ್ಲಿ ಯಾವುದು ಅಂತ ಹೇಳಲು ಕೋಡ್ ಮಾತ್ರ ಗೊತ್ತಿದ್ದರೆ ಸಾಲದು.

ನಾನು ಮಾಡಿದ್ದು ಹೀಗೆ. ಮೊದಲ ಆರು ತಿಂಗಳು ಪಿಯುಸಿ ಬಯಾಲಜಿ ಪುಸ್ತಕ ಓದಿದೆ, ನಾಚಿಕೆ ಬಿಟ್ಟು, ಬಸ್ಸಿನಲ್ಲೇ. ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಒಂದೂವರೆ ಗಂಟೆ ಸಿಗುತ್ತದೆ, ಕಿಟಕಿ ಸೀಟು ಸಿಕ್ಕಿದರೆ ಮೂಲ್ಕಿ ಬರುವಷ್ಟರಲ್ಲಿ ಒಂದು ಪಾಠ ಮುಗಿಯುತ್ತದೆ. ಅದರ ಜೊತೆಗೆ ವಾರಕ್ಕೆ ಒಂದು ದಿನ ಲ್ಯಾಬಿನಲ್ಲಿ ಸುಮ್ನೆ ನಿಂತು ನೋಡಿದೆ. ರಕ್ತದಿಂದ ಆರ್‌ಎನ್‌ಎ ತೆಗೆಯುವಾಗ ನನ್ನ ಸಹೋದ್ಯೋಗಿ ಗ್ಲೌಸ್ ಮೇಲೆ ಗ್ಲೌಸ್ ಹಾಕಿ, ಐಸ್ ಮೇಲೆ ಟ್ಯೂಬ್ ಇಟ್ಟು, ಉಸಿರು ಬಿಗಿಹಿಡಿದು ಕೆಲಸ ಮಾಡುವುದನ್ನು ನೋಡಿದ ಮೇಲೆ, ಡೇಟಾದಲ್ಲಿ ಒಂದು ಸ್ಯಾಂಪಲ್ ಕೆಟ್ಟದಾಗಿ ಬಂದರೆ "ಇವರೇನೋ ತಪ್ಪು ಮಾಡಿದ್ದಾರೆ" ಅಂತ ಹೇಳುವ ಬಾಯಿ ನನಗೆ ಮುಚ್ಚಿತು. ಆರ್‌ಎನ್‌ಎ ಅಷ್ಟು ಬೇಗ ಹಾಳಾಗುವ ವಸ್ತು.

ನನ್ನದು ಎಂಎಸ್ಸಿ ಬಯೋಟೆಕ್ನಾಲಜಿ. ಕಪ್ಪು ಸ್ಕ್ರೀನ್ ನೋಡಿದರೇ ಭಯ. ಎಲ್ಲಿಂದ ಶುರು ಮಾಡಲಿ?

ಟ್ಯುಟೋರಿಯಲ್ ವಿಡಿಯೊದಿಂದ ಬೇಡ. ಒಂದು ನಿಜವಾದ ಫೈಲಿನಿಂದ ಶುರು ಮಾಡಿ. ಎನ್‌ಸಿಬಿಐ ಎಂಬ ಅಮೆರಿಕದ ಸಾರ್ವಜನಿಕ ಡೇಟಾ ಜಾಲತಾಣದಿಂದ ಕೊರೊನಾ ವೈರಸ್ಸಿನ ಮೂಲ ಜೀನೋಮನ್ನು ಇಳಿಸಿಕೊಳ್ಳಿ. 29,903 ಅಕ್ಷರ. 2020ರ ಜನವರಿಯಲ್ಲಿ ಇದು ಹೊರಬಂದ ಕೂಡಲೇ ಪ್ರಪಂಚದಾದ್ಯಂತ ಲಸಿಕೆ, ಟೆಸ್ಟ್ ಕಿಟ್ ಕೆಲಸ ಶುರುವಾಯಿತು. ಫೈಲು ಒಂದು ಸಣ್ಣ ಫೋಟೊಗಿಂತಲೂ ಚಿಕ್ಕದು.

ಈಗ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ತೆರೆದು ಎಣಿಸಿ. ಎ ಎಷ್ಟು, ಸಿ ಎಷ್ಟು, ಜಿ ಎಷ್ಟು, ಟಿ ಎಷ್ಟು. ನಾಲ್ಕೂ ಕೂಡಿಸಿದರೆ 29,903 ಬರಬೇಕು. ಬಾರದಿದ್ದರೆ ಫೈಲಿನ ಮೊದಲ ಸಾಲನ್ನೂ ಸೇರಿಸಿ ಎಣಿಸಿದ್ದೀರಿ. ಅದು ಹೆಸರಿನ ಸಾಲು, ಸರಣಿ ಅಲ್ಲ. ಎಲ್ಲರೂ ಮೊದಲ ಸಲ ಈ ತಪ್ಪು ಮಾಡುತ್ತಾರೆ.

ಇನ್ನೊಂದು ವಿಷಯ ಕಾಣುತ್ತದೆ. ಇದು ಆರ್‌ಎನ್‌ಎ ವೈರಸ್, ಆರ್‌ಎನ್‌ಎಯಲ್ಲಿ ಟಿ ಬದಲು ಯು ಇರಬೇಕು. ಫೈಲಿನಲ್ಲಿ ಟಿ ಇದೆ! ಡೇಟಾಬೇಸ್‌ಗಳಲ್ಲಿ ಹಾಗೆಯೇ ಬರೆಯುವ ರೂಢಿ. ಕೊನೆಗೆ ಹೋದರೆ ಎ ಎ ಎ ಎ ಎಂದು ಒಂದೇ ಅಕ್ಷರದ ಸಾಲು ಸಿಗುತ್ತದೆ. ಅದು ಟೈಪಿಂಗ್ ತಪ್ಪಲ್ಲ, ನೀವು ಕ್ಲಾಸಿನಲ್ಲಿ ಓದಿದ ಪಾಲಿ-ಎ ಬಾಲ. ನೋಡಿ, ಇದು ಕಂಪ್ಯೂಟರ್ ಸೈನ್ಸಿನವನಿಗೆ ಹೊಳೆಯುವುದಿಲ್ಲ, ನಿಮಗೆ ಹೊಳೆಯುತ್ತದೆ.

ಇಷ್ಟಾದ ಮೇಲೆ ಸ್ಪೈಕ್ ಪ್ರೊಟೀನಿನ ಜೀನ್ ಎಲ್ಲಿ ಶುರುವಾಗುತ್ತದೆ ಅಂತ ಹುಡುಕಿ, ಅನುವಾದ ಮಾಡಿ, ಒಂದು ಓಮಿಕ್ರಾನ್ ಸರಣಿ ಜೊತೆ ಹೋಲಿಸಿ. ಒಂದು ತಿಂಗಳ ಸಂಜೆಗಳಿಗೆ ಸಾಕು. ರೊಸಾಲಿಂಡ್ ಎಂಬ ಜಾಲತಾಣದಲ್ಲಿ ಇದೇ ಥರದ ಲೆಕ್ಕಗಳು ಸುಲಭದಿಂದ ಕಷ್ಟಕ್ಕೆ ಸಾಲಾಗಿ ಸಿಗುತ್ತವೆ.

ಪೈಥಾನಾ, ಆರ್ (R) ಭಾಷೆಯಾ?

ಮೊದಲು ಪೈಥಾನ್. ಜೀನ್‌ಗಳ ಚಟುವಟಿಕೆಯ ಏರಿಳಿತ ಅಳೆಯುವ ಲ್ಯಾಬ್ ಸೇರಿದರೆ ಆರ್, ಯಾಕೆಂದರೆ 2001ರಿಂದ ಬೆಳೆದು ಬಂದ ಬಯೋಕಂಡಕ್ಟರ್ ಎಂಬ ದೊಡ್ಡ ಉಗ್ರಾಣ ಇರುವುದು ಅಲ್ಲಿ. ಇವೆರಡಕ್ಕಿಂತ ಮೊದಲು ಲಿನಕ್ಸ್ ಟರ್ಮಿನಲ್‌ನಲ್ಲಿ ಗ್ರೆಪ್, ಸಾರ್ಟ್, ಹೆಡ್ ಎಂಬ ಆಜ್ಞೆಗಳಾದರೂ ಬರಬೇಕು. ಮತ್ತೆ, ಕೋಡಿನ ಪ್ರತಿ ಬದಲಾವಣೆಯನ್ನು ದಾಖಲಿಸಿಡುವ ಗಿಟ್. "ಫೈನಲ್", "ಫೈನಲ್ 2", "ನಿಜವಾದ ಫೈನಲ್" ಅಂತ ಫೈಲ್ ಇಟ್ಟವರ ಪಾಡು ನಾನು ನೋಡಿದ್ದೇನೆ, ಆ ಪೈಕಿ ನಾನೂ ಒಬ್ಬ.

ಕೋಡ್ ಓಡಿತು, ಎರರ್ ಇಲ್ಲ, ಗ್ರಾಫ್ ಚಂದ ಬಂತು. ಮುಗೀತಲ್ವಾ?

ಇಲ್ಲಿ ಸ್ವಲ್ಪ ಹೊತ್ತು ಕೂತುಕೊಳ್ಳಿ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ನಾನು ಲ್ಯಾಬ್ ಸೇರಿದ ಎರಡನೇ ವರ್ಷ. 12 ಜನರ ರಕ್ತದ ಸ್ಯಾಂಪಲ್. ಮೊದಲ ಆರು ರೋಗಿಗಳು, ಕೊನೆಯ ಆರು ಆರೋಗ್ಯವಂತರು. ಹೆಸರು ಎಸ್1, ಎಸ್2, ಹೀಗೆ ಎಸ್12ರ ತನಕ. ಒಂದು ಫೈಲಿನಲ್ಲಿ ಪ್ರತಿ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂಬ ಲೆಕ್ಕ, ಎಸ್1ರಿಂದ ಎಸ್12ರವರೆಗೆ ಹನ್ನೆರಡು ಕಾಲಂ. ಇನ್ನೊಂದು ಫೈಲಿನಲ್ಲಿ ಯಾರು ರೋಗಿ, ಯಾರು ಅಲ್ಲ ಎಂಬ ಪಟ್ಟಿ. ಎರಡನ್ನೂ ಸೇರಿಸಿ ಓಡಿಸಿದೆ. ಒಂದಷ್ಟು ಜೀನ್‌ಗಳು ಮೇಲೆ ಬಂದವು. ಅವುಗಳಲ್ಲಿ ಒಂದೆರಡು ಆ ರೋಗಕ್ಕೆ ಸಂಬಂಧ ಇದ್ದ ಹಾಗೂ ಕಂಡವು. ಎರಡು ವಾರ ಕೂತು ಕಥೆ ಕಟ್ಟಿದೆ. ಮೀಟಿಂಗಿಗೆ ಸ್ಲೈಡ್ ಕೂಡ ಸಿದ್ಧ.

ಹಿಂದಿನ ರಾತ್ರಿ, ಬೇರೇನೂ ಕೆಲಸ ಇಲ್ಲದೆ, ಗಂಡು ಹೆಣ್ಣು ಸರಿ ಇದೆಯಾ ಅಂತ ನೋಡಿದೆ. ಎಕ್ಸ್‌ಐಎಸ್‌ಟಿ ಅಂತ ಒಂದು ಜೀನ್ ಇದೆ. ಹೆಂಗಸರ ರಕ್ತದಲ್ಲಿ ಅದು ಜೋರಾಗಿ ಕಾಣುತ್ತದೆ, ಗಂಡಸರಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ವೈ ಕ್ರೋಮೋಸೋಮಿನ ಜೀನ್‌ಗಳು ಇದಕ್ಕೆ ಉಲ್ಟಾ. ನನ್ನ ಪಟ್ಟಿಯಲ್ಲಿ 54 ವರ್ಷದ ಗಂಡಸು ಅಂತ ಬರೆದಿದ್ದವರಲ್ಲಿ ಎಕ್ಸ್‌ಐಎಸ್‌ಟಿ ಧಾರಾಳವಾಗಿತ್ತು. ಹೊಟ್ಟೆಯಲ್ಲಿ ಒಂಥರಾ ಆಯಿತು ಮಾರಾಯ್ರೇ.

ತಪ್ಪು ಏನು ಗೊತ್ತಾ? ಎರಡನೇ ಫೈಲನ್ನು ಕಂಪ್ಯೂಟರ್ ಅಕ್ಷರಮಾಲೆಯ ಪ್ರಕಾರ ಜೋಡಿಸಿತ್ತು. ಅಂದರೆ ಎಸ್1 ಆದ ಮೇಲೆ ಎಸ್2 ಅಲ್ಲ, ಎಸ್10, ಎಸ್11, ಎಸ್12, ಆಮೇಲೆ ಎಸ್2. ನಾನು ಹೆಸರು ಹೊಂದಿಸದೆ, ಸಾಲಿನ ಕ್ರಮ ನಂಬಿ ಅಂಟಿಸಿದ್ದೆ. ಎಸ್2, ಎಸ್3, ಎಸ್4 ರೋಗಿಗಳಾಗಿದ್ದವರು ಆರೋಗ್ಯವಂತರಾದರು. ಎಸ್7, ಎಸ್8, ಎಸ್9 ಆರೋಗ್ಯವಂತರಾಗಿದ್ದವರು ರೋಗಿಗಳಾದರು. 12ರಲ್ಲಿ 6 ತಪ್ಪು. ಎಲ್ಲೂ ಒಂದೇ ಒಂದು ಎರರ್ ಬರಲಿಲ್ಲ. ಕಂಪ್ಯೂಟರಿನ ದೃಷ್ಟಿಯಲ್ಲಿ ಎಲ್ಲ ಸರಿ ಇತ್ತು.

ಅವತ್ತಿನಿಂದ ನನ್ನ ಪದ್ಧತಿ ಮೂರು. ಸ್ಯಾಂಪಲ್ ಹೆಸರು ಎಸ್01, ಎಸ್02 ಅಂತಲೇ ಇಡುವುದು. ಎರಡು ಫೈಲ್ ಸೇರಿಸುವಾಗ ಹೆಸರು ಹೊಂದದಿದ್ದರೆ ಕೋಡ್ ಅಲ್ಲೇ ನಿಲ್ಲುವಂತೆ ಬರೆಯುವುದು. ಮತ್ತೆ, ಉತ್ತರ ನನಗೆ ಗೊತ್ತೇ ಇರುವ ಒಂದು ಪ್ರಶ್ನೆಯನ್ನು ಡೇಟಾಗೆ ಮೊದಲು ಕೇಳುವುದು. ಗಂಡು ಹೆಣ್ಣಿನ ಪರೀಕ್ಷೆ ಅಂಥದ್ದು. ಅದಕ್ಕೇ ಸುಳ್ಳು ಹೇಳುವ ಡೇಟಾ ರೋಗದ ಬಗ್ಗೆ ನಿಜ ಹೇಳುತ್ತದೆಯೇ?

ನಾನೊಬ್ಬನೇ ದಡ್ಡ ಅಂತ ತಿಳಿಯಬೇಡಿ. 2006-07ರಲ್ಲಿ ಅಮೆರಿಕದ ಒಂದು ಹೆಸರಾಂತ ಲ್ಯಾಬು ಐದು ಸಂಶೋಧನಾ ಲೇಖನಗಳನ್ನು ವಾಪಸ್ ಪಡೆಯಿತು. ಅವರ ಸ್ವಂತ ಪ್ರೋಗ್ರಾಮೊಂದು ಎರಡು ಕಾಲಂಗಳನ್ನು ಅದಲುಬದಲು ಮಾಡಿತ್ತು, ಪ್ರೊಟೀನಿನ ರಚನೆ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಬಿಟ್ಟಿತ್ತು. ವೆಟ್ ಲ್ಯಾಬಿನವರು, ಅಂದರೆ ಟ್ಯೂಬ್ ಹಿಡಿದು ಪ್ರಯೋಗ ಮಾಡುವವರು, ಡಿಎನ್‌ಎ ನಕಲು ಮಾಡುವ ಪ್ರತಿ ಪಿಸಿಆರ್ ಜೊತೆ ಒಂದು ನೀರಿನ ಟ್ಯೂಬ್ ಇಡುತ್ತಾರೆ, ಅದರಲ್ಲಿ ಏನೂ ಬರಬಾರದು ಅಂತ. ನಮಗೂ ಅಂಥ ನೀರಿನ ಟ್ಯೂಬ್ ಬೇಕು. ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟ್ ಬರೆಯಲು ಹೇಳಿದಾಗ ಗೊಣಗುತ್ತಿದ್ದೆ. ಈಗ ಹೇಳುವವರಿಲ್ಲದಿದ್ದರೂ ಬರೆಯುತ್ತೇನೆ.

ಸ್ಟ್ಯಾಟಿಸ್ಟಿಕ್ಸ್ ಎಷ್ಟು ಬೇಕು?

ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಕೋಡಿಂಗ್‌ಗಿಂತಲೂ ಜಾಸ್ತಿ ಅಂತ ನನ್ನ ಅಭಿಪ್ರಾಯ.

ಮನುಷ್ಯನಲ್ಲಿ ಪ್ರೊಟೀನ್ ತಯಾರಿಸುವ ಜೀನ್‌ಗಳು ಸುಮಾರು 20,000. ರೋಗಿ ಮತ್ತು ಆರೋಗ್ಯವಂತರ ನಡುವೆ ಪ್ರತಿಯೊಂದನ್ನೂ ಹೋಲಿಸಿ, ಪಿ ಬೆಲೆ (ನಿಜದಲ್ಲಿ ವ್ಯತ್ಯಾಸ ಇಲ್ಲದಿದ್ದರೂ ಆಕಸ್ಮಿಕವಾಗಿ ಇಷ್ಟು ವ್ಯತ್ಯಾಸ ಕಾಣುವ ಸಾಧ್ಯತೆ) 0.05ಕ್ಕಿಂತ ಕಡಿಮೆ ಬಂದದ್ದನ್ನೆಲ್ಲ ಆರಿಸಿದಿರಿ ಅಂತಿಟ್ಟುಕೊಳ್ಳಿ. ನಿಜದಲ್ಲಿ ಏನೂ ವ್ಯತ್ಯಾಸ ಇಲ್ಲದಿದ್ದರೂ ಸುಮಾರು 1,000 ಜೀನ್‌ಗಳು ಪಟ್ಟಿಗೆ ಬರುತ್ತವೆ. ಸಾವಿರ ಜೀನ್ ಇದ್ದರೆ ಯಾವ ಕಥೆ ಬೇಕಾದರೂ ಕಟ್ಟಬಹುದು. ಇದನ್ನು ತಡೆಯುವ ವಿಧಾನಗಳಿವೆ, 1995ರ ಬೆಂಜಮಿನಿ-ಹಾಕ್‌ಬರ್ಗ್ ವಿಧಾನ ಎಲ್ಲರೂ ಬಳಸುತ್ತಾರೆ. ಬಟನ್ ಒತ್ತಿದರೆ ಆಗುತ್ತದೆ. ಯಾಕೆ ಒತ್ತಬೇಕು ಅಂತ ಗೊತ್ತಿರಬೇಕು ಅಷ್ಟೇ.

ಇನ್ನೊಂದು, ಇದಕ್ಕಿಂತ ಕೆಟ್ಟದ್ದು. ರೋಗಿಗಳ ಸ್ಯಾಂಪಲ್ ಎಲ್ಲ ಸೋಮವಾರ, ಉಳಿದದ್ದು ಎಲ್ಲ ಗುರುವಾರ ಓಡಿಸಿದ್ದಾರೆ. ಈಗ ಕಾಣುವ ವ್ಯತ್ಯಾಸ ರೋಗದ್ದಾ, ವಾರದ್ದಾ? ಯಾವ ಸೂತ್ರವೂ ಇದನ್ನು ಬಿಡಿಸಲಾರದು. ಇದಕ್ಕೇ ಪ್ರಯೋಗ ಶುರುವಾಗುವ ಮೊದಲೇ ಕಂಪ್ಯೂಟರಿನವರನ್ನು ಮೀಟಿಂಗಿಗೆ ಕರೆಯಿರಿ ಅಂತ ನಾವು ಬೇಡಿಕೊಳ್ಳುವುದು.

ಎಕ್ಸೆಲ್‌ನಲ್ಲೇ ಮಾಡಿದರೆ ಆಗುವುದಿಲ್ವಾ?

ಆಗುತ್ತದೆ, ಜೀನ್ ಹೆಸರು ತಾರೀಕು ಆಗುವವರೆಗೆ. ಎಸ್‌ಇಪಿಟಿ2 ಎಂಬ ಜೀನ್ ಹಾಕಿದರೆ ಎಕ್ಸೆಲ್ ಅದನ್ನು ಸೆಪ್ಟೆಂಬರ್ 2 ಮಾಡುತ್ತಿತ್ತು. ಮಾರ್ಚ್1 ಜೀನ್ ಮಾರ್ಚ್ ಒಂದನೇ ತಾರೀಕು. 2016ರಲ್ಲಿ ಕೆಲವರು ಕೂತು ಪರಿಶೀಲಿಸಿದಾಗ, ಎಕ್ಸೆಲ್ ಜೀನ್ ಪಟ್ಟಿ ಲಗತ್ತಿಸಿದ ಲೇಖನಗಳಲ್ಲಿ ಸುಮಾರು ಐದರಲ್ಲಿ ಒಂದಕ್ಕೆ ಈ ರೋಗ ಇತ್ತು. ಕೊನೆಗೆ 2020ರಲ್ಲಿ ಜೀನ್‌ಗಳಿಗೆ ಹೆಸರಿಡುವ ಸಮಿತಿಯೇ ಸೋತು ಹೆಸರು ಬದಲಿಸಿತು: ಸೆಪ್ಟಿನ್2, ಮಾರ್ಚ್‌ಎಫ್1. ಒಂದು ಸಾಫ್ಟ್‌ವೇರಿನ ಹಠಕ್ಕೆ ಮನುಷ್ಯನ ಜೀನ್‌ಗೆ ಮರುನಾಮಕರಣ!

ಎಐ ಎಲ್ಲ ಬರೆದು ಕೊಡುತ್ತದಲ್ಲ, ಇನ್ನು ಕೋಡ್ ಕಲಿಯೋದು ಯಾಕೆ?

ನಾನೂ ಬಳಸುತ್ತೇನೆ. ಗ್ರಾಫಿನ ಅಕ್ಷರ ದೊಡ್ಡದು ಮಾಡುವುದು ಹೇಗೆ ಅಂತ ಈಗ ನೆನಪಿಟ್ಟುಕೊಳ್ಳುವುದೇ ಇಲ್ಲ.

ಆದರೆ ಮೊನ್ನೆ ಒಬ್ಬ ಇಂಟರ್ನ್ ತಂದ ಕೋಡ್ ನೋಡಿ. ಡೇಟಾದಲ್ಲಿ ಖಾಲಿ ಜಾಗಗಳಿದ್ದವು. ಎಐ ಬರೆದ ಕೋಡ್ ಅಲ್ಲೆಲ್ಲ ಸೊನ್ನೆ ತುಂಬಿ ಮುಂದೆ ಹೋಗಿತ್ತು. ಅಳೆಯಲಿಲ್ಲ ಬೇರೆ, ಅಳೆದು ಸೊನ್ನೆ ಬಂತು ಬೇರೆ. ಸರಾಸರಿ ಅರ್ಧಕ್ಕೆ ಇಳಿದಿತ್ತು. ಹುಡುಗನಿಗೆ ಆ ಸಾಲು ಓದಲು ಬರುತ್ತಿದ್ದರೆ ಎರಡು ನಿಮಿಷದ ಕೆಲಸ. ಬರೆಯುವುದು ಅಗ್ಗವಾಗಿದೆ, ಓದುವುದು ಅಗ್ಗವಾಗಿಲ್ಲ.

ಇನ್ನು ಪ್ರೊಟೀನ್ ರಚನೆ ಹೇಳುವ ಆಲ್ಫಾಫೋಲ್ಡ್ ವಿಷಯ. 2024ರಲ್ಲಿ ಈ ಎಐ ಕಟ್ಟಿದ ಡೆಮಿಸ್ ಹಸಾಬಿಸ್, ಜಾನ್ ಜಂಪರ್, ಮತ್ತು ಹೊಸ ಪ್ರೊಟೀನ್ ವಿನ್ಯಾಸ ಮಾಡಿದ ಡೇವಿಡ್ ಬೇಕರ್ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಆಲ್ಫಾಫೋಲ್ಡ್ ಡೇಟಾಬೇಸ್‌ನಲ್ಲಿ 20 ಕೋಟಿಗೂ ಜಾಸ್ತಿ ರಚನೆಗಳಿವೆ. ಎಲ್ಲರೂ ಎಐ ಗೆದ್ದಿತು ಅಂತಾರೆ. ಅದು ಕಲಿತದ್ದು ಎಲ್ಲಿಂದ? 1971ರಲ್ಲಿ ಬೆರಳೆಣಿಕೆಯ ರಚನೆಗಳೊಂದಿಗೆ ಶುರುವಾದ ಪ್ರೊಟೀನ್ ಡೇಟಾ ಬ್ಯಾಂಕಿನಿಂದ. ಐವತ್ತು ವರ್ಷ ಸಾವಿರಾರು ಜನ ಹರಳು ಬೆಳೆಸಿ, ಎಕ್ಸ್-ರೇ ಹಾಯಿಸಿ, ಒಂದೊಂದೇ ರಚನೆ ಬಿಡಿಸಿ ಅಲ್ಲಿ ಇಟ್ಟು ಹೋದರು. ಆಲ್ಫಾಫೋಲ್ಡ್ ತನ್ನ ಉತ್ತರದ ಪ್ರತಿ ಭಾಗಕ್ಕೂ ಎಷ್ಟು ನಂಬಬಹುದು ಅಂತ ಅಂಕವನ್ನೂ ಕೊಡುತ್ತದೆ. ನೂರರಲ್ಲಿ 50ಕ್ಕಿಂತ ಕಡಿಮೆ ಇರುವ ಭಾಗವನ್ನು ಬಣ್ಣ ಹಚ್ಚಿ ಸ್ಲೈಡಿಗೆ ಹಾಕುವವರನ್ನು ನೋಡಿದರೆ ಎಐಗೇ ಬೇಜಾರಾದೀತು.

ಎಂಥ ಲ್ಯಾಪ್‌ಟಾಪ್ ಬೇಕು?

ಕಲಿಯಲು 16 ಜಿಬಿ ರ್‍ಯಾಮ್ ಇದ್ದರೆ ಧಾರಾಳ. ದೊಡ್ಡ ಕೆಲಸ ಲ್ಯಾಪ್‌ಟಾಪಿನಲ್ಲಿ ಯಾರೂ ಮಾಡುವುದಿಲ್ಲ, ಸರ್ವರಿನಲ್ಲಿ ಮಾಡುತ್ತಾರೆ. ಒಬ್ಬ ಮನುಷ್ಯನ ಜೀನೋಮನ್ನು 30 ಪಟ್ಟು (ಪ್ರತಿ ಅಕ್ಷರವನ್ನೂ ಸುಮಾರು 30 ಸಲ) ಓದಿದರೆ ಸಂಕುಚಿತ ಫೈಲೇ ಹತ್ತಾರು ಜಿಬಿ. ನಮಗೆ ಡೇಟಾ ಹಾರ್ಡ್ ಡಿಸ್ಕಿನಲ್ಲಿ ಕೊರಿಯರ್ ಮೂಲಕ ಬಂದದ್ದೂ ಇದೆ. ಬಂದ ಕೂಡಲೇ ಎಂಡಿ5 ಸಂಖ್ಯೆ, ಅಂದರೆ ಫೈಲಿನ ಬೆರಳಚ್ಚಿನಂಥ ಸಂಕೇತ, ತಾಳೆ ನೋಡಿ. ದಾರಿಯಲ್ಲಿ ಫೈಲ್ ಅರ್ಧ ಆಗಿದ್ದರೆ ಆಗಲೇ ಗೊತ್ತಾಗುತ್ತದೆ.

ಜೂನ್, ಜುಲೈಯಲ್ಲಿ ಇಲ್ಲಿ ಕರೆಂಟ್ ಹೋಗುವ ಲೆಕ್ಕ ನಿಮಗೇ ಗೊತ್ತು. 19 ಗಂಟೆ ಓಡಿದ ಕೆಲಸ ಒಂದು ಸಿಡಿಲಿಗೆ ನಿಂತು, ಮೊದಲಿನಿಂದ ಶುರು ಮಾಡುವುದು ಒಂದು ಸಲ ಆದರೆ ಸಾಕು. ಸ್ನೇಕ್‌ಮೇಕ್ ಅಥವಾ ನೆಕ್ಸ್ಟ್‌ಫ್ಲೋ ಕಲಿಯಿರಿ. ಎಲ್ಲಿ ನಿಂತಿತೋ ಅಲ್ಲಿಂದ ಮುಂದುವರಿಸುತ್ತವೆ. ಸರ್ವರಿಗೆ ದುಡ್ಡಿಲ್ಲದಿದ್ದರೆ ಗ್ಯಾಲಕ್ಸಿ ಎಂಬ ಉಚಿತ ಜಾಲತಾಣ ಇದೆ, ಬ್ರೌಸರಿನಲ್ಲೇ ಎಷ್ಟೋ ಕೆಲಸ ಆಗುತ್ತದೆ.

ಮರ ಹತ್ತುವವರ ಜೊತೆ ಹೊಂದಾಣಿಕೆ ಹೇಗೆ?

ಅಜ್ಜಿಯ ಪ್ರಶ್ನೆ. ಮರ ಹತ್ತುವವರು ಅಂದರೆ ಪ್ರಯೋಗ ಮಾಡುವ ವೆಟ್ ಲ್ಯಾಬಿನವರು. ಈ ವೃತ್ತಿಯ ಕಷ್ಟ ಇರುವುದು ಇಲ್ಲೇ.

"ಸರ್, ಸ್ವಲ್ಪ ಅನಾಲಿಸಿಸ್ ಮಾಡಿಕೊಡಿ, ಐದು ನಿಮಿಷದ ಕೆಲಸ" ಅಂತ ಬರುತ್ತಾರೆ. ಐದು ನಿಮಿಷ ಐದು ವಾರ ಆಗುತ್ತದೆ. ಲೇಖನ ಪ್ರಕಟವಾದಾಗ ನಿಮ್ಮ ಹೆಸರು ಕೃತಜ್ಞತೆಯ ಸಾಲಿನಲ್ಲಿ, ಫೋಟೊಕಾಪಿ ಮಾಡಿಕೊಟ್ಟವರ ಪಕ್ಕದಲ್ಲಿ. ಎಲ್ಲ ಲ್ಯಾಬೂ ಹೀಗಲ್ಲ, ಆದರೆ ಹೊಸಬರು ಒಂದು ಸಲವಾದರೂ ಇದಕ್ಕೆ ಬೀಳುತ್ತಾರೆ. ಮೊದಲೇ ಕೇಳಿ: ಪ್ರಶ್ನೆ ಏನು, ಲೇಖಕರಲ್ಲಿ ನಾನು ಇದ್ದೇನಾ, ಎಷ್ಟನೆಯವನು? ನಮ್ಮ ಕಡೆ ಹಿರಿಯರ ಹತ್ತಿರ ಹೀಗೆ ಕೇಳುವುದು ಸಂಕೋಚ. ಒಂದು ಇಮೇಲ್‌ನಲ್ಲಿ "ನಾವು ಮಾತಾಡಿದ್ದು ಹೀಗೆ ಅಂತ ಅರ್ಥ ಮಾಡಿಕೊಂಡಿದ್ದೇನೆ" ಅಂತ ಬರೆದು ಕಳಿಸಿದರೆ ಸಂಕೋಚವೂ ಇಲ್ಲ, ದಾಖಲೆಯೂ ಆಯಿತು.

ನಮ್ಮ ಕಡೆಯ ತಪ್ಪೂ ಇದೆ. ಯಕ್ಷಗಾನದಲ್ಲಿ ಭಾಗವತರು ವೇಷಧಾರಿಯ ಮುಖ ನೋಡಿ ಪದ ಎಳೆಯುತ್ತಾರೆ, ಬಿಡುತ್ತಾರೆ. ನಾವು ಹೆಡ್‌ಫೋನ್ ಹಾಕಿ ನಮ್ಮ ತಾಳಕ್ಕೆ ನಾವೇ ಬಾರಿಸುತ್ತೇವೆ. 300 ಜೀನ್‌ಗಳ ಪಟ್ಟಿ ಕೊಟ್ಟು "ಪರೀಕ್ಷಿಸಿ ನೋಡಿ" ಅಂದರೆ, ಒಂದೊಂದಕ್ಕೂ ತಿಂಗಳು ಬೇಕಾಗುವ ಅವರು ಏನು ಮಾಡಬೇಕು? ಐದು ಕೊಡಿ. ಯಾಕೆ ಆ ಐದು ಅಂತ ಹೇಳಿ.

ಬೆಂಗಳೂರಿಗೆ ಹೋಗದೆ ಊರಲ್ಲೇ ಇದ್ದು ಮಾಡಬಹುದಾ?

ಕಲಿಯಲು, ಸಂಶೋಧನೆ ಮಾಡಲು, ಹೌದು. ಮಣಿಪಾಲದಲ್ಲಿ ಮಾಹೆಯ ಸ್ಕೂಲ್ ಆಫ್ ಲೈಫ್ ಸೈನ್ಸಸ್, ಪಕ್ಕದಲ್ಲೇ 1953ರಿಂದ ಇರುವ ಕೆಎಂಸಿ. ದೇರಳಕಟ್ಟೆಯಲ್ಲಿ ಯೆನೆಪೊಯ ಮತ್ತು ನಿಟ್ಟೆ. ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ. ಸುರತ್ಕಲ್‌ನಲ್ಲಿ ಎನ್‌ಐಟಿಕೆ. ಇವೆಲ್ಲ ಗೊತ್ತಿರುವ ಹೆಸರುಗಳು. ಜನ ಮರೆಯುವುದು ಕೃಷಿ, ಮೀನಿನ ಕಡೆಯ ಸಂಸ್ಥೆಗಳನ್ನು: ಮಂಗಳೂರಿನ ಮೀನುಗಾರಿಕಾ ಕಾಲೇಜು, ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ), ಅದರ ವಿಟ್ಲ ಕೇಂದ್ರ, ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಗೂ ಮಂಗಳೂರಿನಲ್ಲಿ ಕೇಂದ್ರ ಇದೆ. 2023ರಲ್ಲಿ ನಮ್ಮ ಬೂತಾಯಿ ಮೀನಿನ ಪೂರ್ಣ ಜೀನೋಮ್ ಹೊರತಂದದ್ದು ಆ ಸಂಸ್ಥೆಯವರೇ. ಮಲ್ಪೆ ಬಂದರಿನಲ್ಲಿ ಕೆಲವು ವರ್ಷ ಬೂತಾಯಿ ರಾಶಿ ರಾಶಿ, ಕೆಲವು ವರ್ಷ ಕಣ್ಣಿಗೇ ಕಾಣುವುದಿಲ್ಲ. ಮನುಷ್ಯನ ಕ್ಯಾನ್ಸರ್ ಮೇಲೆ ಲಕ್ಷ ಜನ ಕೂತಿದ್ದಾರೆ. ಬೂತಾಯಿ, ಅಡಿಕೆ, ಮಟ್ಟುಗುಳ್ಳ ಬದನೆಯ ಮೇಲೆ ಎಷ್ಟು ಜನ ಇದ್ದಾರೆ ಹೇಳಿ? ಹೊಸಬರಿಗೆ ಜಾಗ ಇರುವುದು ಅಲ್ಲಿ ಅಂತ ನನಗೆ ಅನಿಸುತ್ತದೆ.

ಕಂಪನಿ ಕೆಲಸ ಬೇಕಾದರೆ ಬೆಂಗಳೂರೇ. ಸುಳ್ಳು ಹೇಳಿ ಪ್ರಯೋಜನ ಇಲ್ಲ.

ಡೇಟಾಗೆ ಮಾತ್ರ ಊರು ಅಡ್ಡಿಯಲ್ಲ. ಜೀನೋಮ್ ಇಂಡಿಯಾ ಯೋಜನೆ ದೇಶದ ಸುಮಾರು 10,000 ಜನರ ಜೀನೋಮ್ ಓದಿದೆ. ಆ ಡೇಟಾ ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದಲ್ಲಿದೆ. 2025ರ ಜನವರಿಯಿಂದ ಸಂಶೋಧಕರು ಅನುಮತಿ ಕೇಳಿ ಬಳಸಬಹುದು.

ಮಗಳು ಇದಕ್ಕೇ ಹೋಗ್ತೇನೆ ಅಂತಿದ್ದಾಳೆ. ಸಂಬಳ ಉಂಟಾ? ಪಿಎಚ್‌ಡಿ ಬೇಕೇ ಬೇಕಾ?

ಅಪ್ಪಂದಿರು ಕೇಳುವ ಪ್ರಶ್ನೆ, ಹೆಚ್ಚಾಗಿ ಪಾರ್ಕಿಂಗಿನಲ್ಲಿ, ಮಗಳು ದೂರ ಇರುವಾಗ.

ಮಗಳು ಸ್ವಂತ ಪ್ರಶ್ನೆ ಹಿಡಿದು ಲ್ಯಾಬ್ ನಡೆಸಬೇಕಾದರೆ ಪಿಎಚ್‌ಡಿ ಬೇಕು. ಬೇರೆಯವರ ಪ್ರಶ್ನೆಗೆ ಗಟ್ಟಿ ಸಾಫ್ಟ್‌ವೇರ್ ಕಟ್ಟಿಕೊಡುವ ಕೆಲಸಕ್ಕೆ ಬೇಡ, ಅದೂ ಮರ್ಯಾದೆಯ ಕೆಲಸವೇ. ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕಿದರೆ ಪಿಎಚ್‌ಡಿಯ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಜೊತೆಗೆ ಮನೆ ಬಾಡಿಗೆ ಭತ್ಯೆ. ಇದು 2023ರ ಜನವರಿಯಿಂದ ಜಾರಿಯಾದ ದರ. ಹಣ ಕೆಲವೊಮ್ಮೆ ತಡವಾಗಿ ಬರುತ್ತದೆ, ನಾಲ್ಕು ತಿಂಗಳ ಖರ್ಚು ಕೈಯಲ್ಲಿ ಇರಲಿ. ಅದೇ ವಯಸ್ಸಿನ ಸಾಫ್ಟ್‌ವೇರ್ ಹುಡುಗಿ ಇದಕ್ಕಿಂತ ಜಾಸ್ತಿ ದುಡಿಯುತ್ತಾಳೆ. ಅದು ನಿಜ. ಆದರೆ ಸಂಶೋಧನೆ ಸಾಕು ಅನಿಸಿದ ದಿನ ಕೋಡ್ ಬರುವವಳಿಗೆ ಹೊರಗೆ ಬಾಗಿಲು ತೆರೆದೇ ಇರುತ್ತದೆ. ಬರೀ ವೆಟ್ ಲ್ಯಾಬಿನ ನನ್ನ ಗೆಳೆಯರಿಗೆ ಆ ಅನುಕೂಲ ಇರಲಿಲ್ಲ.

ಮೂರು ತಿಂಗಳ ಸರ್ಟಿಫಿಕೇಟ್ ಕೋರ್ಸ್, ಕೆಲಸ ಗ್ಯಾರಂಟಿ ಅಂತ ಜಾಹೀರಾತು ಬರುತ್ತದೆ. ಸೇರಲಾ?

ಬೇಡ.

ಇಂಟರ್ನ್‌ಶಿಪ್‌ಗೆ ಮೇಲ್ ಹಾಕಿದರೆ ಯಾರೂ ಉತ್ತರಿಸುವುದಿಲ್ಲ. ಏನು ಮಾಡಲಿ?

ನನಗೆ ಬರುವ ಮೇಲ್‌ಗಳಲ್ಲಿ ಹೆಚ್ಚಿನವು "ಗೌರವಾನ್ವಿತ ಸರ್ ಅಥವಾ ಮೇಡಂ" ಅಂತ ಶುರುವಾಗುತ್ತವೆ. ಸರ್ರೋ ಮೇಡಮ್ಮೋ ಅಂತಲೂ ನೋಡದೆ ಐವತ್ತು ಜನಕ್ಕೆ ಹೋಗಿದೆ ಅಂತ ಅಲ್ಲಿಗೇ ಗೊತ್ತಾಗುತ್ತದೆ. ಕಳೆದ ವರ್ಷ ಒಬ್ಬಳ ಮೇಲ್ ಬಂತು, ಎಂಟೇ ಸಾಲು. ನಮ್ಮ ಲ್ಯಾಬಿನ ಒಂದು ಲೇಖನದ ಡೇಟಾ ಇಳಿಸಿಕೊಂಡು, ಎರಡನೇ ಚಿತ್ರವನ್ನು ತಾನೇ ಮತ್ತೆ ಬರೆಯಲು ನೋಡಿದ್ದಳು. "ನನಗೆ ನಿಮ್ಮ ಹಾಗೆ ಬರಲಿಲ್ಲ, ಮೂರು ಬಿಂದು ಬೇರೆ ಕಡೆ ಬೀಳುತ್ತಿವೆ. ನಾನು ಎಲ್ಲಿ ತಪ್ಪಿದೆ?" ಅಂತ ಕೇಳಿ, ತನ್ನ ಕೋಡಿನ ಕೊಂಡಿ ಹಾಕಿದ್ದಳು. ತೆರೆದು ನೋಡಿದೆ. ಅವಳು ತಪ್ಪಿರಲಿಲ್ಲ. ನಾವು ಲೇಖನದ ಜೊತೆ ಹಳೆಯ ಫೈಲ್ ಏರಿಸಿಬಿಟ್ಟಿದ್ದೆವು. ಸೋಮವಾರ ಬೆಳಿಗ್ಗೆ ಬರಲು ಹೇಳಿದೆ. ಅವತ್ತು ರೆಡ್ ಅಲರ್ಟ್, ಡಿಸಿಯವರು ಕಾಲೇಜುಗಳಿಗೆ ರಜೆ ಕೊಟ್ಟಿದ್ದರು. ಅವಳು ಮಂಗಳವಾರ ಬಂದಳು.